ಒಂದೇ ದಿನ, ಒಂದು ಬೆಟ್ಟದ ಊರು: ಅವಸರವಿಲ್ಲದೆ ಹೋಗಿಬರುವುದು ಹೇಗೆ?

ಹಾದಿಬದಿ

ಎಲ್ಲರಿಗೂ ನಮಸ್ಕಾರ. ನಗರದಿಂದ ಬೆಳಿಗ್ಗೆ ಹೊರಟು, ಬೆಟ್ಟದ ಮೇಲಿನ ಒಂದು ಸಣ್ಣ ಊರಿನಲ್ಲಿ ಹಗಲು ಕಳೆದು, ರಾತ್ರಿ ಮಲಗುವ ಹೊತ್ತಿಗೆ ಮನೆ ಸೇರುವ ಆಲೋಚನೆಯಲ್ಲಿದ್ದೇವೆ. ಜೊತೆಯಲ್ಲಿ ಮಂಡಿನೋವಿರುವ ಅಮ್ಮ ಇರುತ್ತಾರೆ, ತಿರುವುಗಳು ಶುರುವಾದ ಕೂಡಲೇ ಹೊಟ್ಟೆ ತೊಳಸುತ್ತದೆ ಎನ್ನುವ ಪುಟ್ಟ ಮಗಳು ಇರುತ್ತಾಳೆ. ಯಾರನ್ನು ಕೇಳಿದರೂ ನೋಡಲೇಬೇಕಾದ ಜಾಗಗಳ ಉದ್ದನೆಯ ಪಟ್ಟಿ ಕೊಡುತ್ತಾರೆ. ಜಲಪಾತ, ಕೆರೆ, ಹಳೆಯ ಬಂಗಲೆ, ನಾಲ್ಕು ದಿಕ್ಕಿಗೆ ನಾಲ್ಕು ವೀಕ್ಷಣಾ ಸ್ಥಳ, ಕೊನೆಗೆ ಸೂರ್ಯಾಸ್ತ. ಅದನ್ನು ಪಾಲಿಸಿದರೆ ದಿನವಿಡೀ ವಾಹನ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು, ಇಷ್ಟೇ ಆಗುತ್ತದೆ.

ನಮಗೆ ಬೇಕಿರುವುದು ಆರಾಮವಾದ ಒಂದು ಹಗಲು. ಊರು ಇನ್ನೂ ನಿಶ್ಚಯವಾಗಿಲ್ಲ. ಎಷ್ಟು ದೂರದ ಊರನ್ನು ಆರಿಸಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಯಾವಾಗ ಇಳಿಯಲು ಶುರು ಮಾಡಬೇಕು? ಯಾವ ಬೆಟ್ಟಕ್ಕಾದರೂ ಹೊಂದುವಂಥ ಮಾತನ್ನು ಅನುಭವಸ್ಥರು ಹೇಳಿದರೆ ಉಪಕಾರವಾಗುತ್ತದೆ.

ನಿಧಾನವೇ ಪ್ರಧಾನ

ಮೊದಲು ದೂರದ ವಿಚಾರ. ನಕ್ಷೆಯಲ್ಲಿ ಕಿಲೋಮೀಟರ್ ನೋಡಬೇಡಿ, ಗಂಟೆ ನೋಡಿ. ಬಯಲಿನಲ್ಲಿ ಗಂಟೆಗೆ 60–70 ಕಿ.ಮೀ. ಸಾಗುವ ವಾಹನ ತಿರುವುಗಳ ಏರಿನಲ್ಲಿ 25–30 ಕಿ.ಮೀ.ಗೆ ಬರುತ್ತದೆ. ಮುಂದೆ ಭಾರ ಹೊತ್ತ ಲಾರಿಯೊಂದು ಸಿಕ್ಕಿದರೆ ಅಷ್ಟೂ ಇಲ್ಲ. ಹಾಗಾಗಿ ಕೊನೆಯ 30 ಕಿ.ಮೀ. ಏರಿಗೆ ಮೊದಲಿನ 70 ಕಿ.ಮೀ. ಬಯಲಿನಷ್ಟೇ ಸಮಯ ಹಿಡಿಯುತ್ತದೆ ಎಂದುಕೊಂಡೇ ಹೊರಡಬೇಕು.

ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಹೋಗುವುದಕ್ಕೇ ಎರಡೂವರೆ ಗಂಟೆ ದಾಟಿದರೆ ಅದು ಒಂದು ದಿನದ ಊರಲ್ಲ, ರಾತ್ರಿ ತಂಗಬೇಕಾದ ಊರು. ಹೋಗಿಬರುವುದಕ್ಕೆ ಆಗುವ ಒಟ್ಟು ಸಮಯಕ್ಕಿಂತ ಊರಿನಲ್ಲಿ ಇರುವ ಸಮಯ ಹೆಚ್ಚಿರಲೇಬೇಕು. ಎಷ್ಟೋ ಜನ ನಾಲ್ಕು ಗಂಟೆ ಪ್ರಯಾಣ ಮಾಡಿ, ಮೇಲೆ ಮೂರು ಗಂಟೆ ಇದ್ದು, ಮತ್ತೆ ನಾಲ್ಕು ಗಂಟೆ ಇಳಿದು ಬಂದು, ಬೆಟ್ಟ ಬೇಸರವಾಯಿತು ಎನ್ನುತ್ತಾರೆ. ಅವರಿಗೆ ಬೇಸರ ತಂದದ್ದು ರಸ್ತೆ. ಬೆಟ್ಟದ ಪರಿಚಯವೇ ಅವರಿಗೆ ಆಗಿರುವುದಿಲ್ಲ.

ಇನ್ನು ಪಟ್ಟಿಯ ವಿಚಾರ. ಒಂದು ಜಾಗ ಸಾಕು. ಕಣಿವೆ ಕಾಣುವ, ಕೂರಲು ಅನುಕೂಲವಿರುವ ಒಂದೇ ಒಂದು ಜಾಗ. ಹತ್ತು ನಿಮಿಷ ನಿಂತು ಫೋಟೊ ತೆಗೆದು ಹೊರಟವರಿಗೆ ಕಣಿವೆ ಒಂದು ಸಲ ಮಾತ್ರ ಕಾಣುತ್ತದೆ. ಅದೇ ಕಲ್ಲುಕಟ್ಟೆಯ ಮೇಲೆ ಒಂದೂವರೆ ಗಂಟೆ ಕೂತು ನೋಡಿ. ಮೊದಲು ತಳದ ಹೊಳೆ ಸ್ಪಷ್ಟವಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲೋ ಕೆಳಗಿನ ಮರಗಳ ಸಂದಿಯಿಂದ ಬಿಳಿಯ ಎಳೆಯೊಂದು ಹೊರಡುತ್ತದೆ. ಅದು ಇಳಿಜಾರು ಹಿಡಿದು ಮೇಲೆ ಬರುತ್ತಾ ಒಂದೊಂದೇ ಮರವನ್ನು ಅಳಿಸುತ್ತದೆ. ಹಾದಿಯಲ್ಲಿ ಬರುವವರ ಮಾತು ಕೇಳುತ್ತದೆ, ಮಾತನಾಡುವವರು ಕಾಣುವುದಿಲ್ಲ. ಕೈಮೇಲಿನ ರೋಮದ ಮೇಲೆ ಸಣ್ಣ ಹನಿಗಳು ನಿಲ್ಲುತ್ತವೆ. ಆಮೇಲೆ ಗಾಳಿ ತಿರುಗಿದರೆ ಐದು ನಿಮಿಷದಲ್ಲಿ ಎಲ್ಲವೂ ಮತ್ತೆ ಬಿಸಿಲಿನಲ್ಲಿ. ನಿಮ್ಮ ಮಗಳಿಗೆ ಇದಕ್ಕಿಂತ ದೊಡ್ಡ ನೋಟ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಮುಂಜಾವು

ಒಂದೇ ಜಾಗ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಹೊರಡುವ ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ನಸುಕಿನ ನಾಲ್ಕಕ್ಕೆ ನಗರ ಬಿಡಿ. ಏಳಕ್ಕೆ ಮೇಲಿರುತ್ತೀರಿ. ನಗರದ ವಾಹನ ದಟ್ಟಣೆ ತಪ್ಪುತ್ತದೆ, ಏರಿನಲ್ಲಿ ರಸ್ತೆ ಖಾಲಿ ಇರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಆಕಾಶ ತಿಳಿಯಾಗಿರುತ್ತದೆ. ಹತ್ತು ಗಂಟೆಗೆ ಮನೆ ಬಿಟ್ಟು ಮಧ್ಯಾಹ್ನ ಒಂದಕ್ಕೆ ಮೇಲೆ ತಲುಪಿದವರಿಗೆ ಉಳಿಯುವುದು ಮೋಡ ಮಾತ್ರ.

ನಿಧಾನವೇ ಪ್ರಧಾನ

ನಾಲ್ಕಕ್ಕೆ ಹೊರಡಬೇಕಾದರೆ ಆ ಅಮ್ಮ ಮೂರಕ್ಕೆ ಏಳಬೇಕು. ಆ ಆತಂಕಕ್ಕೆ ಹಿಂದಿನ ರಾತ್ರಿ ನಿದ್ದೆಯೂ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವರೂ ತೂಕಡಿಸುತ್ತಿರುತ್ತಾರೆ, ಸಂಜೆ ವಾಹನ ಓಡಿಸುವವರಿಗೂ ಕಣ್ಣೆಳೆಯುತ್ತದೆ. ಕಡಿದಾದ ಇಳಿಜಾರಿನಲ್ಲಿ ನಿದ್ದೆಗಣ್ಣಿನ ಚಾಲಕನಿಗಿಂತ ದೊಡ್ಡ ಅಪಾಯ ಯಾವುದಿದೆ? ಬೆಳಿಗ್ಗೆ ಆರಕ್ಕೆ ಹೊರಡುವುದು ಎಲ್ಲ ರೀತಿಯಲ್ಲೂ ಮೇಲು.

ಗಾಳಿಗುರುತು

ಇಬ್ಬರ ಮಾತಿಗೂ ಕಾರಣಗಳಿವೆ. ಹವಾಮಾನದ ಕಡೆಯಿಂದ ನೋಡಿದರೆ ಎಷ್ಟು ಬೇಗ ಬೇಕು ಎಂಬುದು ಸ್ಪಷ್ಟವಾಗುತ್ತದೆ.

ಸೂರ್ಯ ಏರಿದಂತೆ ಬೆಟ್ಟದ ಇಳಿಜಾರುಗಳು ಕಾಯುತ್ತವೆ. ಅವಕ್ಕೆ ಅಂಟಿಕೊಂಡ ಗಾಳಿಯೂ ಬಿಸಿಯಾಗಿ, ಹಗುರಾಗಿ, ಕಣಿವೆಯಿಂದ ಮೇಲಕ್ಕೆ ಹರಿಯುತ್ತದೆ. ಮೇಲೆ ಹೋದಂತೆ ಅದು ತಣಿಯುತ್ತದೆ, ಅದರಲ್ಲಿರುವ ತೇವ ಮೋಡವಾಗುತ್ತದೆ. ಆದ್ದರಿಂದಲೇ ಬೆಳಿಗ್ಗೆ ಬರಿದಾಗಿದ್ದ ಶಿಖರಗಳ ನೆತ್ತಿಯ ಮೇಲೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಮೋಡ ಕೂಡಿಕೊಳ್ಳುತ್ತದೆ. ತೇವ ಹೆಚ್ಚಿರುವ ಕಾಲದಲ್ಲಿ ಮಧ್ಯಾಹ್ನ ಮೂರರ ನಂತರ ಗುಡುಗು ಮಳೆ ಬರುವುದಕ್ಕೂ ಇದೇ ಕಾರಣ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗಿನ ಸಮಯ ನಿಮ್ಮ ಕೈಯಲ್ಲಿದ್ದರೆ ಸಾಕು. ಅದಕ್ಕೆ ನಾಲ್ಕಕ್ಕೆ ಹೊರಡುವ ಅಗತ್ಯವಿಲ್ಲ.

ರಾತ್ರಿ ಇದೇ ವ್ಯವಹಾರ ತಿರುವುಮುರುವಾಗುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಕಣಿವೆಯ ತಳಕ್ಕೆ ಇಳಿದು ಅಲ್ಲಿ ಮಂಜು ಕಟ್ಟುತ್ತದೆ. ನಸುಕಿನಲ್ಲಿ ಹೊರಟವರು ಘಟ್ಟದ ಬುಡದಲ್ಲಿ ದಟ್ಟ ಮಂಜಿಗೆ ಸಿಕ್ಕಿಕೊಳ್ಳುವುದು ಇದರಿಂದಲೇ. ಅದೇ ಹೊತ್ತಿನಲ್ಲಿ ಮೇಲಿನ ಊರಿನವರು ಬಿಸಿಲಿನಲ್ಲಿ ನಿಂತು ಕೆಳಗಿನ ಬಿಳಿಯ ಹಾಸನ್ನು ನೋಡುತ್ತಿರುತ್ತಾರೆ.

ಬಟ್ಟೆಯ ಬಗ್ಗೆ ಒಂದು ಮಾತು. ಪ್ರತಿ 1,000 ಮೀಟರ್ ಏರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣಾಂಶ ಇಳಿಯುತ್ತದೆ. ನಗರಕ್ಕಿಂತ 1,500 ಮೀಟರ್ ಎತ್ತರದಲ್ಲಿರುವ ಊರಾದರೆ ಸುಮಾರು ಹತ್ತು ಡಿಗ್ರಿ ಕಡಿಮೆ ಎಂದಾಯಿತು. ಗಾಳಿ, ತೇವ ಸೇರಿದರೆ ಚಳಿ ಇನ್ನೂ ಹೆಚ್ಚೆನ್ನಿಸುತ್ತದೆ. ಹೊರಡುವಾಗ ಬೆವರುತ್ತಿದ್ದರೂ ಅಮ್ಮನಿಗೆ ಒಂದು ಶಾಲು, ಕಿವಿ ಮುಚ್ಚುವ ಟೋಪಿ ಇರಲಿ. ಆದರೆ ತಂಪಿದೆ ಎಂದು ಬಿಸಿಲನ್ನು ಹಗುರವಾಗಿ ಕಾಣಬೇಡಿ. ಎತ್ತರ 1,000 ಮೀಟರ್ ಹೆಚ್ಚಿದಂತೆಲ್ಲ ಅತಿನೇರಳೆ ಕಿರಣಗಳ ತೀವ್ರತೆ ಶೇಕಡ 10ರಷ್ಟು ಏರುತ್ತದೆ. ಚರ್ಮ ಸುಡುವುದು ತಂಪು ಗಾಳಿಯಲ್ಲಿ ಗೊತ್ತೇ ಆಗುವುದಿಲ್ಲ.

ಹಾದಿಬದಿ

ಗಾಳಿಗುರುತು ಅವರೇ, ತುಂಬಾ ಧನ್ಯವಾದ. ಹಾಗಾದರೆ ಆರಕ್ಕೆ ಹೊರಟು ಎಂಟೂವರೆಗೆ ತಲುಪುವುದು ಎಂದಿಟ್ಟುಕೊಳ್ಳುತ್ತೇನೆ. ಈಗ ನನ್ನ ದೊಡ್ಡ ಚಿಂತೆ ಮಗಳ ಹೊಟ್ಟೆ. ಹೋದ ಸಲ ಬುಡದಿಂದ ತುದಿಯವರೆಗೆ ಪಾಪ, ತಲೆ ಎತ್ತಲೇ ಇಲ್ಲ.

ಕಿವಿಮಾತು

ಹಾದಿಬದಿ ಅವರೇ, ತಲೆ ಎತ್ತದೆ ಇದ್ದದ್ದೇ ಅವಳ ತೊಂದರೆಯನ್ನು ಹೆಚ್ಚಿಸಿರಬಹುದು. ಒಳಕಿವಿಯಲ್ಲಿರುವ ಸಮತೋಲನದ ಅಂಗ, ದೇಹ ಎಡಕ್ಕೂ ಬಲಕ್ಕೂ ವಾಲುತ್ತಿದೆ ಎಂದು ಮಿದುಳಿಗೆ ಹೇಳುತ್ತಿರುತ್ತದೆ. ಕಣ್ಣು ಮಾತ್ರ ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಾ ಎಲ್ಲವೂ ನಿಶ್ಚಲವಾಗಿದೆ ಎನ್ನುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದಿದ್ದಾಗ ತಲೆಸುತ್ತು, ವಾಕರಿಕೆ. ಆದ್ದರಿಂದ ಅವಳ ಕಣ್ಣಿಗೆ ಹೊರಗಿನ ರಸ್ತೆ ಕಾಣುವಂತೆ ಮಾಡಿ. ಹಿಂದಿನ ಸೀಟಿನ ನಡುವೆ, ಅವಳ ವಯಸ್ಸಿಗೆ ತಕ್ಕ ಸುರಕ್ಷಾ ಆಸನವನ್ನು ಸ್ವಲ್ಪ ಎತ್ತರಕ್ಕೆ ಕಟ್ಟಿ, ಮುಂದಿನ ಗಾಜಿನಿಂದ ದೂರದ ತಿರುವನ್ನು ನೋಡುವಂತೆ ಕೂರಿಸಿ. ಪುಸ್ತಕ, ಮೊಬೈಲ್ ಎರಡೂ ಚೀಲದಲ್ಲಿರಲಿ. ಕಿಟಕಿ ತುಸು ತೆರೆದಿರಲಿ. ಖಾಲಿ ಹೊಟ್ಟೆಯೂ ಬೇಡ, ಭಾರ ಹೊಟ್ಟೆಯೂ ಬೇಡ. ವಾಂತಿ ತಡೆಯುವ ಮಾತ್ರೆ ಕೊಡುವುದಾದರೆ ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಬೇಕು. ಅವು ಕೆಲಸ ಮಾಡುವುದು ಮೊದಲೇ ತೆಗೆದುಕೊಂಡಾಗ. ವಾಕರಿಕೆ ಶುರುವಾದ ಮೇಲೆ ಹೆಚ್ಚು ಪ್ರಯೋಜನವಿಲ್ಲ. ಅವುಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ವಾಹನ ಓಡಿಸುವವರು ಅವನ್ನು ಮುಟ್ಟಲೇಬಾರದು.

ಏರು ಶುರುವಾಗುವ ಮುನ್ನ ಬುಡದಲ್ಲಿ ಹದಿನೈದು ನಿಮಿಷ ನಿಲ್ಲಿ. ಏರಿನ ಅರ್ಧದಲ್ಲಿ ವಿಶಾಲವಾದ ಜಾಗ ಸಿಕ್ಕರೆ ಇನ್ನೊಮ್ಮೆ ನಿಲ್ಲಿ. ಹೊಟ್ಟೆ ತೊಳಸುತ್ತದೆ ಎಂದು ಮಗು ಹೇಳುವವರೆಗೆ ಕಾಯಬೇಡಿ.

ಇನ್ನು ಕಿವಿ. ಏರುವಾಗ ಕಿವಿ ಕಟ್ಟುತ್ತದೆ, ನುಂಗಿದರೆ ಬಿಡುತ್ತದೆ. ನೋವು ಬರುವುದು ಹೆಚ್ಚಾಗಿ ಇಳಿಯುವಾಗ. ಹೊರಗಿನ ಗಾಳಿಯ ಒತ್ತಡ ಏರುತ್ತಾ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಸಣ್ಣ ನಾಳ ತೆರೆದುಕೊಂಡರೆ ಒಳಗಿನ ಒತ್ತಡವೂ ಸಮವಾಗುತ್ತದೆ. ನುಂಗುವಾಗ, ಆಕಳಿಸುವಾಗ ಆ ನಾಳ ತೆರೆಯುತ್ತದೆ. ನಿದ್ದೆಯಲ್ಲಿ ನಾವು ನುಂಗುವುದು ಬಹಳ ಕಡಿಮೆ. ಹಾಗಾಗಿ ಕಡಿದಾದ ಇಳಿಜಾರಿನಲ್ಲಿ ಮಗುವನ್ನು ಎಚ್ಚರವಾಗಿಟ್ಟು ಆಗಾಗ ಗುಟುಕು ನೀರು ಕುಡಿಸಿ. ಆ ದಿನ ಅವಳಿಗೆ ನೆಗಡಿ ಜೋರಾಗಿದ್ದರೆ ಪ್ರವಾಸವನ್ನೇ ಮುಂದಕ್ಕೆ ಹಾಕಿ.

ಅಮ್ಮನ ಬಗ್ಗೆ: ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್‌ಗಿಂತ ಮೇಲೆ. ಅದಕ್ಕಿಂತ ಕೆಳಗಿನ ಊರಾದರೆ ಆ ಭಯ ಹೆಚ್ಚು ಬೇಡ. ಆದರೂ 2,000 ಮೀಟರ್‌ನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಐದನೇ ನಾಲ್ಕು ಭಾಗದಷ್ಟೇ. ಏರು ಹತ್ತಿದರೆ ಏದುಸಿರು ಬರುವುದು ಸಹಜ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಮೊದಲು ವೈದ್ಯರ ಸಲಹೆ ಪಡೆಯಿರಿ.

ಕಿಟಕಿ ಪಕ್ಕ

ನೀವು ಆರಿಸುವ ಊರಿಗೆ ರೈಲು ಹೋಗುವುದಾದರೆ ಬೇರೆ ಯಾವುದನ್ನೂ ಯೋಚಿಸಬೇಡಿ ಎನ್ನುತ್ತೇನೆ. ರೈಲಿಗೆ ಕಡಿದಾದ ತಿರುವು ಆಗದು, ವಾಲಾಟ ಕಡಿಮೆ, ಎದ್ದು ನಿಲ್ಲಬಹುದು, ಯಾರೂ ಚಾಲನೆಯ ಆಯಾಸ ಹೊರಬೇಕಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೆಟ್ಟ ಹತ್ತುವುದನ್ನು ಕಣ್ಣಾರೆ ನೋಡಬಹುದು.

ಬೆಟ್ಟದ ಊರಿಗೆ ಸುಮ್ಮನೆ ಹೋಗಿಬರುವ ಅಭ್ಯಾಸವನ್ನು ಬೆಳೆಸಿದ್ದೇ ಇಂಥ ರೈಲುಗಳು. ಆಸ್ಟ್ರಿಯಾದ ಸೆಮ್ಮರಿಂಗ್ ಮಾರ್ಗವನ್ನು 1848ರಿಂದ 1854ರ ನಡುವೆ ಕಟ್ಟಿದರು. ಬರೀ 41 ಕಿ.ಮೀ. ಉದ್ದ, ಆದರೆ ಸುರಂಗಗಳು, ಎರಡಂತಸ್ತಿನ ಕಮಾನು ಸೇತುವೆಗಳು. ವಿಯೆನ್ನಾ ನಗರದ ಜನ ಆಲ್ಪ್ಸ್ ಪರ್ವತದ ತಂಪಿಗೆ ಸಲೀಸಾಗಿ ಹೋಗುವಂತಾದದ್ದು ಆಮೇಲೆ. ಜಪಾನಿನ ಹಕೋನೆ ಬೆಟ್ಟದ ರೈಲು 1919ರಿಂದ ಓಡುತ್ತಿದೆ. ಅದರ ಕಡಿದಾದ ಭಾಗದಲ್ಲಿ 1,000 ಮೀಟರ್ ಸಾಗಿದರೆ 80 ಮೀಟರ್ ಮೇಲೇರಿರುತ್ತೀರಿ. ನೇರವಾಗಿ ಏರಲಾಗದ ಮೂರು ಕಡೆ ರೈಲು ಮುಂದೆ ಹೋಗಿ ನಿಲ್ಲುತ್ತದೆ, ಚಾಲಕ ಇಳಿದು ಹಿಂದಿನ ತುದಿಗೆ ನಡೆದು ಹೋಗುತ್ತಾನೆ, ರೈಲು ಮತ್ತೊಂದು ಹಳಿ ಹಿಡಿದು ಹಿಮ್ಮುಖವಾಗಿ ಏರುತ್ತದೆ. ಟೋಕಿಯೊದಿಂದ ಬೆಳಿಗ್ಗೆ ಹೊರಟವರು ಅದನ್ನು ಹತ್ತಿ ಸಂಜೆಗೆ ಮರಳುತ್ತಾರೆ.

ನಮ್ಮ ನೀಲಗಿರಿ ರೈಲಂತೂ ಇಂಥವುಗಳಲ್ಲೆಲ್ಲ ನನಗೆ ಅಚ್ಚುಮೆಚ್ಚು. 1891ರಲ್ಲಿ ಕೆಲಸ ಶುರುವಾಗಿ 1908ರಲ್ಲಿ ಮುಗಿಯಿತು. 46 ಕಿ.ಮೀ. ದೂರದಲ್ಲಿ ಅದು 326 ಮೀಟರ್‌ನಿಂದ 2,203 ಮೀಟರ್‌ಗೆ ಏರುತ್ತದೆ. ಹಳಿಗಳ ನಡುವೆ ಹಲ್ಲಿರುವ ಪಟ್ಟಿಗಳನ್ನು ಕೂರಿಸಿದ್ದಾರೆ. ಎಂಜಿನ್‌ನ ಅಡಿಯಲ್ಲಿರುವ ಹಲ್ಲುಗಾಲಿ ಅವಕ್ಕೆ ಸಿಕ್ಕಿಕೊಂಡು ಹೆಜ್ಜೆ ಹೆಜ್ಜೆಯಾಗಿ ಮೇಲೆಳೆದುಕೊಳ್ಳುತ್ತದೆ. ಎಂಜಿನ್ ಇರುವುದು ಹಿಂದೆ, ಕೆಳಗಿನ ತುದಿಯಲ್ಲಿ. ಡಬ್ಬಿಗಳನ್ನು ಅದು ತಳ್ಳಿಕೊಂಡು ಹೋಗುತ್ತದೆ. ಆದ್ದರಿಂದ ಮೊದಲ ಡಬ್ಬಿಯ ಮುಂದೆ ಏನೂ ಅಡ್ಡವಿಲ್ಲ, ಕಾಡು ಮತ್ತು ಹಳಿ ಮಾತ್ರ. ಮೇಲಕ್ಕೆ ಹೋಗಲು ಐದು ಗಂಟೆಯ ಹತ್ತಿರವಾಗುತ್ತದೆ.

ನಿಧಾನವೇ ಪ್ರಧಾನ

ಕಿಟಕಿ ಪಕ್ಕ ಅವರೇ, ಐದು ಗಂಟೆ ಏರು, ಮತ್ತೆ ಇಳಿತ. ಒಂದು ದಿನಕ್ಕೆ ಅದು ಹೇಗೆ ಹೊಂದುತ್ತದೆ?

ಕಿಟಕಿ ಪಕ್ಕ

ಎರಡು ದಾರಿಗಳಿವೆ. ಒಂದು, ಹೋಗುವಾಗ ರೈಲು, ಬರುವಾಗ ರಸ್ತೆ. ಇನ್ನೊಂದು, ಕೊನೆಯವರೆಗೆ ಹೋಗದೆ ನಡುವಿನ ನಿಲ್ದಾಣದ ಊರಿನಲ್ಲಿ ಇಳಿದುಬಿಡುವುದು. ನೀಲಗಿರಿಯಲ್ಲಿ ಅಂಥ ಊರು ಕೂನೂರು. ಹಲ್ಲುಹಳಿಯ ಕಡಿದಾದ ಭಾಗವೆಲ್ಲ ಅದಕ್ಕಿಂತ ಕೆಳಗೇ ಮುಗಿದಿರುತ್ತದೆ. ಜನ ತುದಿಯ ಪ್ರಸಿದ್ಧ ಊರಿಗೆ ಹೋಗಲೇಬೇಕೆಂದು ಹಟ ಹಿಡಿಯುತ್ತಾರೆ. ಅರ್ಧ ದಾರಿಯ ಊರಿನಲ್ಲಿ ಜನಸಂದಣಿ ಕಡಿಮೆ, ನೋಟ ಅಷ್ಟೇ ಚೆನ್ನ, ಮರಳುವ ದಾರಿ ಅಷ್ಟು ಹತ್ತಿರ. ರಸ್ತೆಯಲ್ಲಿ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೋಡದ ಮನೆ

ನಾನು ಬೆಟ್ಟದ ಊರೊಂದರಲ್ಲಿ ಹುಟ್ಟಿ ಬೆಳೆದವಳು, ಈಗಲೂ ಇಲ್ಲೇ ಇದ್ದೇನೆ. ನೀವೆಲ್ಲ ಇಷ್ಟು ಅಕ್ಕರೆಯಿಂದ ಮಾತನಾಡುವುದನ್ನು ಓದಿ ಸಂತೋಷವಾಯಿತು. ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ.

ವಾರಾಂತ್ಯದಲ್ಲಿ ಬರಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ನಮ್ಮ ರಸ್ತೆಗಳು ಬೆಟ್ಟದ ಪಕ್ಕೆಯನ್ನು ಕೊರೆದು ಮಾಡಿದವು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ, ಅಗಲಗೊಳಿಸಲು ಜಾಗವಿಲ್ಲ. ಶನಿವಾರ ಬೆಳಿಗ್ಗೆ ಹತ್ತರ ನಂತರ ಒಬ್ಬರು ತಿರುವಿನಲ್ಲಿ ವಾಹನ ನಿಲ್ಲಿಸಿ ಫೋಟೊಗೆ ಇಳಿದರೆ ಅರ್ಧ ಊರು ನಿಲ್ಲುತ್ತದೆ. ಆ ಸಾಲಿನಲ್ಲಿ ಆಸ್ಪತ್ರೆಗೆ ಹೊರಟ ವಾಹನವೂ ಇರುತ್ತದೆ. ವಾರದ ನಡುವೆ ಒಂದು ದಿನ ರಜೆ ಹಾಕಿ ಬಂದರೆ ಇದೇ ಊರು ಬೇರೆಯೇ ಆಗಿರುತ್ತದೆ. ನಿಮಗೂ ಸುಖ, ನಮಗೂ ಸುಖ.

ನೀರಿನ ವಿಷಯ ಹೊರಗಿನವರಿಗೆ ತೋಚುವುದೇ ಇಲ್ಲ. ಇಷ್ಟು ಮಳೆ ಬೀಳುವಲ್ಲಿ ನೀರಿಗೇನು ಕೊರತೆ ಎನ್ನುತ್ತಾರೆ. ಇಳಿಜಾರಿನ ನೆಲ ಮಳೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹೊಳೆಗಳು ಅದನ್ನು ಬಯಲಿಗೆ ಒಯ್ಯುತ್ತವೆ. ಬೇಸಿಗೆಯಲ್ಲಿ ನಾವು ಊಟೆಗಳನ್ನೋ ಕೆಳಗಿನ ಹೊಳೆಯಿಂದ ಪಂಪು ಮಾಡಿದ ನೀರನ್ನೋ ನಂಬಿರುತ್ತೇವೆ. 2018ರ ಬೇಸಿಗೆಯಲ್ಲಿ ಶಿಮ್ಲಾದಲ್ಲಿ ನೀರಿಗೆ ಹಾಹಾಕಾರವೆದ್ದು, ದಯವಿಟ್ಟು ಈಗ ಬರಬೇಡಿ ಎಂದು ಅಲ್ಲಿನವರೇ ಪ್ರವಾಸಿಗರನ್ನು ಬೇಡಿಕೊಂಡಿದ್ದರು. ಕುಡಿಯುವ ನೀರನ್ನು ಮನೆಯಿಂದಲೇ ತನ್ನಿ. ಕಸವನ್ನು ಮನೆಗೇ ಒಯ್ಯಿರಿ. ಇಲ್ಲಿ ಬಿಟ್ಟ ಕಸವನ್ನು ನಾವು ಅದೇ ತಿರುವುಗಳ ರಸ್ತೆಯಲ್ಲಿ ಕೆಳಗಿಳಿಸಬೇಕು, ಇಲ್ಲವೇ ಅದು ಕಣಿವೆಗೆ ಉರುಳುತ್ತದೆ.

ಹೊರಡುವ ಮುನ್ನ ಆ ಊರಿಗೆ ಪ್ರವೇಶ ಪರವಾನಗಿ ಬೇಕೇ ಎಂದು ನೋಡಿಕೊಳ್ಳಿ. 2024ರ ಮೇ ತಿಂಗಳಿನಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಗೆ ಬಂತು, ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಕಾರಿನಲ್ಲಿ ಹೋಗುವಂತೆಯೇ ಇಲ್ಲ; ಕೆಳಗಿನ ಟೇಷ್ ಎಂಬಲ್ಲಿ ಬಿಟ್ಟು ರೈಲು ಹತ್ತಬೇಕು. ಮುಂಬೈ ಹತ್ತಿರದ ಮಾಥೇರಾನ್‌ನಲ್ಲಿಯೂ ಪ್ರವಾಸಿಗರ ವಾಹನ ಊರಿನ ಹೊರಗೇ ನಿಲ್ಲುತ್ತದೆ. ಇದನ್ನೆಲ್ಲ ಕಿರಿಕಿರಿ ಎನ್ನುವವರಿದ್ದಾರೆ. ಹಾರ್ನ್ ಸದ್ದಿಲ್ಲದ ಊರಿನಲ್ಲಿ ಅರ್ಧ ದಿನ ಓಡಾಡಿದ ಮೇಲೆ ಅವರು ಹಾಗೆನ್ನಲಾರರು.

ಮುಂಜಾವು

ಮೋಡದ ಮನೆ ಮೇಡಂ, ವಾರದ ನಡುವೆ ಬನ್ನಿ ಎಂಬ ಮಾತು ಸರಿ. ಆದರೆ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಅದು ಸುಲಭವಲ್ಲ. ಅಂಥವರು ಏನು ಮಾಡಬೇಕು?

ಮೋಡದ ಮನೆ

ಹೆಸರುವಾಸಿಯಾದ ಊರನ್ನು ಬಿಟ್ಟು ಅದರ ಪಕ್ಕದ ಊರಿಗೆ ಬನ್ನಿ. ಕಿಟಕಿ ಪಕ್ಕ ಅವರು ಹೇಳಿದ ಅರ್ಧ ದಾರಿಯ ಊರು ಎಲ್ಲ ಬೆಟ್ಟಗಳಲ್ಲೂ ಒಂದಿರುತ್ತದೆ. ಭಾನುವಾರವೇ ಆಗಬೇಕೆಂದರೆ ಒಂಬತ್ತರೊಳಗೆ ಊರು ಸೇರಿ, ವಾಹನವನ್ನು ಒಂದೇ ಕಡೆ ನಿಲ್ಲಿಸಿ, ಹೊರಡುವವರೆಗೆ ಅದನ್ನು ಮುಟ್ಟಬೇಡಿ. ಉಳಿದದ್ದನ್ನೆಲ್ಲ ನಡೆದೇ ನೋಡಿ.

ಹಾದಿಬದಿ

ನಡೆಯುವುದೆಂದರೆ ಅಮ್ಮನ ಮಂಡಿಯ ಪ್ರಶ್ನೆ ಬರುತ್ತದೆ. ಬೆಟ್ಟದ ಊರೆಂದರೆ ಮೆಟ್ಟಿಲುಗಳಲ್ಲವೇ?

ಕಿವಿಮಾತು

ಮೆಟ್ಟಿಲು ಇರುತ್ತವೆ, ಆದರೆ ಅವುಗಳನ್ನು ತಪ್ಪಿಸಬಹುದು. ಒಂದು ವಿಷಯ ಗೊತ್ತಿರಲಿ, ಮಂಡಿಗೆ ಏರುವುದಕ್ಕಿಂತ ಇಳಿಯುವುದು ಹೆಚ್ಚು ಕಷ್ಟ. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ಮಂಡಿ ತಡೆದು ಹಿಡಿಯಬೇಕು. ಮೇಲೆ ವಾಹನದಲ್ಲಿ ಬಿಟ್ಟು ಕೆಳಕ್ಕೆ ನಡೆಸಿದರೆ ಸುಲಭ ಎಂದು ಬಹಳ ಜನ ಎಣಿಸುತ್ತಾರೆ. ಮಂಡಿನೋವಿನವರಿಗೆ ಅದೇ ಹೆಚ್ಚು ಬಾಧೆ. ಒಂದು ಊರುಗೋಲು ಕೈಯಲ್ಲಿರಲಿ.

ಹಳೆಯ ಗಿರಿಧಾಮಗಳಲ್ಲಿ ಬೆಟ್ಟದ ಏಣು ಹಿಡಿದೋ ಸೊಂಟ ಬಳಸಿಯೋ ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುವ ಒಂದು ರಸ್ತೆ ಇದ್ದೇ ಇರುತ್ತದೆ. ಸಂಜೆಯ ನಡಿಗೆಗೆಂದೇ ಅವನ್ನು ಮಾಡಿದ್ದು. ಶಿಮ್ಲಾದ ರಿಡ್ಜ್, ಡಾರ್ಜಿಲಿಂಗ್‌ನ ಚೌರಸ್ತಾ ಮತ್ತು ಅದರಿಂದ ಹೊರಡುವ ಸುತ್ತುದಾರಿ ಇಂಥವು. ಎರಡೂ ಕಡೆ ವಾಹನಗಳ ಓಡಾಟವಿಲ್ಲ, ಕೂರಲು ಬೆಂಚುಗಳಿವೆ. ಊರು ಆರಿಸುವಾಗ ಜಲಪಾತ ಇದೆಯೇ ಎಂದು ಕೇಳುವ ಬದಲು ಇಂಥದೊಂದು ರಸ್ತೆ ಇದೆಯೇ ಎಂದು ಕೇಳಿ.

ಗಾಳಿಗುರುತು

ಅದಕ್ಕೆ ಸೇರಿಸಿ: ನಡಿಗೆಯ ಸಮಯಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಸಮತಟ್ಟಿನಲ್ಲಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ಅಮ್ಮ, ಮಗಳು ಜೊತೆಗಿದ್ದರೆ ಎರಡರಷ್ಟು ಮಾಡಿಕೊಳ್ಳಿ. ಹತ್ತಿರವೇ ಕಾಣುವ ದಿಬ್ಬಕ್ಕೆ ಎಷ್ಟು ಹೊತ್ತು ಬೇಕೆಂದು ಆಗ ಗೊತ್ತಾಗುತ್ತದೆ.

ತಿರುವು ಮುರುವು

ಇಷ್ಟು ಮಾತಾದರೂ ಇಳಿಯುವುದರ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಹಾದಿಬದಿ ಅವರ ಮೊದಲ ಪ್ರಶ್ನೆಯಲ್ಲೇ ಅದಿತ್ತು. ನನ್ನ ಮಟ್ಟಿಗೆ ಇಡೀ ದಿನದ ನೆಮ್ಮದಿ ನಿಂತಿರುವುದು ಅದರ ಮೇಲೆ.

ಕತ್ತಲಾಗುವ ಮುನ್ನ ಕೊನೆಯ ತಿರುವನ್ನು ದಾಟಿ ಬಯಲಿಗೆ ಬಂದಿರಬೇಕು. ಏರಿಗೆ ಒಂದು ಗಂಟೆ ಹಿಡಿದಿದ್ದರೆ ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ಹೊರಡಿ. ಸೂರ್ಯಾಸ್ತ ನೋಡಿಕೊಂಡು ಇಳಿಯೋಣ ಎನ್ನುವ ಆಸೆ ಬಿಡಿ. ಅದನ್ನು ನೋಡಿದ ನೂರಾರು ವಾಹನಗಳು ಒಟ್ಟಿಗೇ ಕತ್ತಲಲ್ಲಿ ಇಳಿಯುತ್ತವೆ, ಆ ಹೊತ್ತಿಗೇ ಮಂಜೂ ಬರುತ್ತದೆ. ಪಶ್ಚಿಮಕ್ಕೆ ಎತ್ತರದ ಬೆಟ್ಟವಿರುವ ಊರಿನಲ್ಲಿ ಸೂರ್ಯ ಪಂಚಾಂಗದ ಹೊತ್ತಿಗಿಂತ ಬಹಳ ಮೊದಲೇ ಮರೆಯಾಗುತ್ತಾನೆ. ನಾರ್ವೆಯ ರ್ಯೂಕಾನ್ ಎಂಬ ಕಣಿವೆಯ ಊರಿಗೆ ಚಳಿಗಾಲದ ತಿಂಗಳುಗಳಲ್ಲಿ ನೇರ ಬಿಸಿಲೇ ಬೀಳುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರಿನ ಚೌಕಕ್ಕೆ ಬೆಳಕು ಇಳಿಸಿಕೊಂಡರು.

ಇನ್ನು ಬ್ರೇಕು. ಯಾವ ಗೇರಿನಲ್ಲಿ ಏರಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ವೇಗವನ್ನು ಹಿಡಿಯುವ ಕೆಲಸ ಎಂಜಿನ್ನಿನದು, ಬ್ರೇಕು ತಿರುವಿಗೆ ಮುಂಚೆ ಸ್ವಲ್ಪ ಹೊತ್ತು ಒತ್ತುವುದಕ್ಕೆ ಮಾತ್ರ. ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿದರೆ ಉಜ್ಜಾಟದ ಶಾಖ ಹೊರಹೋಗಲು ಬಿಡುವೇ ಇರುವುದಿಲ್ಲ. ಮೊದಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಬ್ರೇಕಿನ ದ್ರವ ಕುದಿದು ಒಳಗೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಕಾಲಡಿಯ ಪೆಡಲ್ ಮೆತ್ತಗೆ ತಳಕ್ಕೆ ಹೋಗುತ್ತದೆ, ವಾಹನ ನಿಲ್ಲುವುದಿಲ್ಲ. ಈ ದ್ರವ ಕಾಲಕ್ರಮದಲ್ಲಿ ಗಾಳಿಯ ತೇವ ಹೀರಿಕೊಂಡು ಇನ್ನೂ ಬೇಗ ಕುದಿಯುವಂತಾಗುತ್ತದೆ. ಬಹಳ ಕಾಲದಿಂದ ಬದಲಿಸಿಲ್ಲವಾದರೆ ಹೊರಡುವ ಮುನ್ನ ಬದಲಿಸಿ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ಚಕ್ರಕ್ಕೆ ನೀರು ಎರಚಬೇಡಿ. ಇಂಧನ ಉಳಿಸಲು ನ್ಯೂಟ್ರಲ್‌ನಲ್ಲಿ ಜಾರಿಸುವುದು, ಎಂಜಿನ್ ಆರಿಸುವುದು ಎಂದೆಂದಿಗೂ ಕೂಡದು.

ಇಕ್ಕಟ್ಟಿನಲ್ಲಿ ಏರುವ ವಾಹನಕ್ಕೆ ದಾರಿ ಬಿಡಿ. ಏರಿನಲ್ಲಿ ನಿಂತವರಿಗೆ ಮತ್ತೆ ಹೊರಡುವುದು ಕಷ್ಟ. ಮಂಜಿನಲ್ಲಿ ಎತ್ತರದ ದೀಪ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ, ತಗ್ಗಿನ ದೀಪವೇ ಸರಿ.

ಹಾದಿಬದಿ

ಇಷ್ಟು ವಿವರವಾಗಿ ಯಾರೂ ನನಗೆ ಹೇಳಿರಲಿಲ್ಲ. ಎಲ್ಲರಿಗೂ ಕೃತಜ್ಞಳು. ಇನ್ನೆರಡು ಪ್ರಶ್ನೆಗಳಿವೆ. ನಮ್ಮದು ವಿದ್ಯುತ್ ಕಾರು, ಗೇರಿಲ್ಲ. ಹಾಗೆಯೇ ಹೊರಡುವ ವಾರ ಜೋರು ಮಳೆಯಾದರೆ ಹೋಗಬಹುದೇ? ಅಮ್ಮನಿಗೆ ಹಸಿರು ನೋಡುವ ಆಸೆ ಬಹಳ.

ತಿರುವು ಮುರುವು

ವಿದ್ಯುತ್ ಕಾರಿನಲ್ಲಿ ಇಳಿಯುವುದು ಸುಲಭ. ಕಾಲು ಎತ್ತಿದರೆ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಆ ಹಿಡಿತ ಹೆಚ್ಚಿರುವ ಆಯ್ಕೆಯನ್ನು ಬಳಸಿ. ಆದರೆ ಬ್ಯಾಟರಿ ಭರ್ತಿಯಿದ್ದರೆ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ, ಮೋಟಾರಿನ ಹಿಡಿತ ಕಡಿಮೆಯಾಗಿ ಎಲ್ಲ ಹೊರೆಯೂ ಬ್ರೇಕಿನ ಮೇಲೆ ಬೀಳುತ್ತದೆ. ಮೇಲಿನ ಊರಿನಲ್ಲಿ ಪೂರ್ತಿ ಚಾರ್ಜ್ ಮಾಡಬೇಡಿ. ಇಳಿಯುವಾಗ ಒಂದಷ್ಟು ಖಾಲಿ ಇರಲಿ. ಏರುವಾಗ ಬ್ಯಾಟರಿ ಬಯಲಿಗಿಂತ ಬಹಳ ಬೇಗ ಇಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೋಡದ ಮನೆ

ಮಳೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಸಣ್ಣ ಮಳೆಗೆ ಅಂಜಬೇಕಿಲ್ಲ. ಎರಡು ಮೂರು ದಿನ ಬಿಡದೆ ಸುರಿದಿದ್ದರೆ ಮಾತ್ರ ಬರಬೇಡಿ, ಆ ದಿನ ಬಿಸಿಲಿದ್ದರೂ ಬೇಡ. ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ರಸ್ತೆಗಾಗಿ ಕಡಿದ ದರೆಗೆ ಕೆಳಗಿನ ಆಧಾರ ತಪ್ಪಿರುತ್ತದೆ. ಮಳೆ ನಿಂತು ಒಂದು ದಿನವಾದ ಮೇಲೂ ಕುಸಿದದ್ದನ್ನು ನೋಡಿದ್ದೇವೆ. ದರೆಯಿಂದ ಬರುವ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಸಣ್ಣ ಕಲ್ಲುಗಳು ಉದುರುತ್ತಿದ್ದರೆ, ನೆಟ್ಟಗಿದ್ದ ಮರ ವಾಲಿದ್ದರೆ ಅದರ ಕೆಳಗೆ ನಿಲ್ಲದೆ ದಾಟಿಹೋಗಿ ಅಥವಾ ಹಿಂತಿರುಗಿ.

ಮಳೆಗಾಲ ಮುಗಿದು ಎರಡು ಮೂರು ವಾರವಾಗಲಿ. ಹಸಿರು ಹಾಗೆಯೇ ಇರುತ್ತದೆ, ಝರಿಗಳಲ್ಲಿ ನೀರಿರುತ್ತದೆ, ಗಾಳಿ ತೊಳೆದಷ್ಟು ಶುಭ್ರವಾಗಿದ್ದು ದೂರದ ಸಾಲುಗಳೂ ಕಾಣುತ್ತವೆ. ಅಮ್ಮನನ್ನು ಆಗ ಕರೆತನ್ನಿ.